ಖಾಲಿ ಬಿಟ್ಟ ಉತ್ತರಕ್ಕೆ ಸೊನ್ನೆ ಹಾಕಬಹುದಾ? ವಿಶೇಷ ಅಗತ್ಯದ ಮಕ್ಕಳನ್ನು ವರ್ಷಗಟ್ಟಲೆ ಅಳೆಯುವ ಲೆಕ್ಕ

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ. ಓದಿನ ಅನುಕೂಲಕ್ಕೆ ಅಲ್ಲಲ್ಲಿ ಉಪಶೀರ್ಷಿಕೆ ಸೇರಿಸಲಾಗಿದೆ.)

ಕಳೆದ ವಾರ ಸಮೀಕ್ಷೆಗಳ ಬಗ್ಗೆ, ಸ್ಯಾಂಪಲ್ ಅಂದ್ರೆ ಏನು ಅನ್ನೋದರ ಬಗ್ಗೆ ಮಾತಾಡಿದ್ವಿ. ಅದನ್ನ ಕೇಳಿದ ಒಬ್ಬ ಶಿಕ್ಷಕಿ ಒಂದು ಪ್ರಶ್ನೆ ಕಳಿಸಿದ್ರು. ಅವರ ತರಗತಿಯಲ್ಲಿ ಓದೋಕೆ ತುಂಬಾ ಕಷ್ಟಪಡುವ ಮೂವರು ಮಕ್ಕಳಿದ್ದಾರಂತೆ. ಹೊರಗಿನಿಂದ ಯಾರಾದ್ರೂ ಟೆಸ್ಟ್ ಮಾಡೋಕೆ ಬಂದಾಗ ಆ ಮೂವರನ್ನ ಕೂರಿಸಬೇಕಾ ಬೇಡ್ವಾ ಅನ್ನೋದೇ ಸ್ಟಾಫ್ ರೂಮಿನ ಚರ್ಚೆ. ಕೂರಿಸಿದ್ರೆ ಹಾಳೆ ಖಾಲಿ ಬರುತ್ತೆ. ಕೂರಿಸದೇ ಇದ್ರೆ ಆ ಮಕ್ಕಳು ಲೆಕ್ಕಕ್ಕೇ ಇಲ್ಲ. "ಇದಕ್ಕೆ ಸಂಶೋಧಕರು ಏನು ಮಾಡ್ತಾರೆ?" ಅಂತ ಕೇಳಿದ್ರು.

ಪ್ರಶ್ನೆ ಚಿಕ್ಕದು. ಆದರೆ ದೊಡ್ಡ ದೊಡ್ಡ ದೇಶಗಳ ಸಂಶೋಧನಾ ಸಂಸ್ಥೆಗಳೇ ಇದರಲ್ಲಿ ತಲೆ ಕೆಡಿಸಿಕೊಂಡಿವೆ. ಇವತ್ತು ಮುಖ್ಯವಾಗಿ ಜರ್ಮನಿ ಮತ್ತು ಬ್ರಿಟನ್ನಿನ ಉದಾಹರಣೆ ಇಟ್ಟುಕೊಂಡು ಇದನ್ನ ಬಿಡಿಸೋಣ. ನಾನು ಓದಿದ್ದು ಬಿ.ಕಾಂ., ಹಾಗಾಗಿ ನಡುನಡುವೆ ಲೆಕ್ಕಪತ್ರದ ಹೋಲಿಕೆ ಬರುತ್ತೆ, ಸಹಿಸಿಕೊಳ್ಳಿ.

ಕೊಹಾರ್ಟ್ ಅಂದ್ರೆ ಏನು?

ಒಂದೇ ಸಮಯದಲ್ಲಿ ಹುಟ್ಟಿದ ಅಥವಾ ಒಂದೇ ತರಗತಿಗೆ ಸೇರಿದ ಸಾವಿರಾರು ಮಕ್ಕಳನ್ನ ಆರಿಸಿಕೊಂಡು, ಅದೇ ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸೋದನ್ನ ಕೊಹಾರ್ಟ್ ಅಧ್ಯಯನ ಅಂತಾರೆ. ಬ್ರಿಟನ್ ಇದರಲ್ಲಿ ಹಳೇ ಕೈ. 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಹುಟ್ಟಿದ 17 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ಅಲ್ಲಿ ಆಗಿನಿಂದ ಹಿಂಬಾಲಿಸುತ್ತಾ ಬಂದಿದ್ದಾರೆ. ಆ 'ಮಕ್ಕಳಿಗೆ' ಈಗ ಅರವತ್ತು ದಾಟಿದೆ. ಅದೇ ದೇಶದ ಮಿಲೇನಿಯಂ ಕೊಹಾರ್ಟ್ ಸ್ಟಡಿ 2000ದಿಂದ 2002ರ ನಡುವೆ ಹುಟ್ಟಿದ ಸುಮಾರು 19,000 ಮಕ್ಕಳದ್ದು. 9 ತಿಂಗಳು, 3, 5, 7, 11, 14, 17 ವರ್ಷ, ಹೀಗೆ ಬೇರೆ ಬೇರೆ ವಯಸ್ಸಿನಲ್ಲಿ ಅವರನ್ನ ಭೇಟಿ ಮಾಡಿದ್ದಾರೆ.

ಜರ್ಮನಿಯಲ್ಲಿ ಇಂಥದ್ದು ಶುರುವಾಗಿದ್ದು ತಡವಾಗಿ. ಬಾಂಬೆರ್ಗ್ ಅನ್ನೋ ಊರಿನಲ್ಲಿ ನೆಲೆಸಿರುವ ನ್ಯಾಷನಲ್ ಎಜುಕೇಷನಲ್ ಪ್ಯಾನೆಲ್ ಸ್ಟಡಿ, ಚಿಕ್ಕದಾಗಿ ನೆಪ್ಸ್, 2009–10ರಲ್ಲಿ ಕ್ಷೇತ್ರಕ್ಕೆ ಇಳಿಯಿತು. ನವಜಾತ ಶಿಶುಗಳು, ಶಿಶುವಿಹಾರದ ಮಕ್ಕಳು, 5ನೇ ತರಗತಿ, 9ನೇ ತರಗತಿ, ಕಾಲೇಜಿಗೆ ಆಗಷ್ಟೇ ಸೇರಿದವರು, ವಯಸ್ಕರು – ಹೀಗೆ 6 ಗುಂಪುಗಳು. ಒಟ್ಟು 60,000ಕ್ಕೂ ಹೆಚ್ಚು ಜನ.

ಇಷ್ಟೆಲ್ಲ ಖರ್ಚು ಯಾಕೆ ಅಂದ್ರೆ, ಒಂದು ಸಲದ ಪರೀಕ್ಷೆ ಒಂದು ಫೋಟೋ ಇದ್ದ ಹಾಗೆ. ಮಗು ಇವತ್ತು ಎಲ್ಲಿದೆ ಅಂತ ಅದು ಹೇಳುತ್ತೆ. ಎಲ್ಲಿಂದ ಬಂತು, ಯಾವುದರಿಂದ ಮುಂದೆ ಹೋಯ್ತು, ಎಲ್ಲಿ ಹಿಂದೆ ಬಿತ್ತು ಅಂತ ತಿಳಿಯಬೇಕಾದ್ರೆ ಅದೇ ಮಗುವನ್ನ ಮತ್ತೆ ಮತ್ತೆ ನೋಡಬೇಕು. ಸಹಾಯದ ಅಗತ್ಯ ಹೆಚ್ಚಿರುವ ಮಕ್ಕಳ ವಿಷಯದಲ್ಲಿ ಈ ಮಾಹಿತಿಗೆ ಬೆಲೆ ಇನ್ನೂ ಜಾಸ್ತಿ. ವಿಶೇಷ ಶಾಲೆ ಒಳ್ಳೆಯದಾ, ಸಾಮಾನ್ಯ ಶಾಲೆಯೇ ಒಳ್ಳೆಯದಾ ಅನ್ನೋ ಜಗಳ ಎಲ್ಲ ದೇಶದಲ್ಲೂ ಇದೆ. ಅದಕ್ಕೆ ಉತ್ತರ ಬೇಕಾದ್ರೆ ಆ ಮಕ್ಕಳ ಅಂಕಿಅಂಶ ಇರಬೇಕು, ಆ ಅಂಕಿಅಂಶ ನಂಬುವಂತೆಯೂ ಇರಬೇಕು. ಕಷ್ಟ ಇರೋದು ಈ ಎರಡನೇ ಭಾಗದಲ್ಲಿ.

ಬಾಗಿಲಲ್ಲೇ ಕಳೆದುಹೋಗುವವರು

ಮೊದಲ ಪ್ರಶ್ನೆ: ಈ ಮಕ್ಕಳು ಅಧ್ಯಯನದ ಒಳಗೆ ಬರ್ತಾರಾ? ಅದು ನೀವು ಯಾವ ಬಾಗಿಲಿನಿಂದ ಹೋಗ್ತೀರಿ ಅನ್ನೋದರ ಮೇಲೆ ನಿಂತಿದೆ.

ಬ್ರಿಟನ್ನಿನ ಮಿಲೇನಿಯಂ ಅಧ್ಯಯನ ಮಕ್ಕಳ ಮನೆಗೇ ಹೋಗುತ್ತೆ. ಮಗು ಯಾವ ಶಾಲೆಗೆ ಹೋದರೂ, ಹೋಗದೇ ಇದ್ರೂ ಅದು ಪಟ್ಟಿಯಲ್ಲಿ ಇರುತ್ತೆ. ಶಾಲೆಗಳನ್ನ ಆರಿಸಿ ಅಲ್ಲಿಂದ ಮಕ್ಕಳನ್ನ ತೆಗೆದುಕೊಳ್ಳುವ ಅಧ್ಯಯನದಲ್ಲಿ ಹಾಗಲ್ಲ. ವಿಶೇಷ ಶಾಲೆಗಳನ್ನ ಪಟ್ಟಿಯಿಂದ ಬಿಟ್ರೆ ಅಲ್ಲಿನ ಮಕ್ಕಳು ಒಂದೇ ಏಟಿಗೆ ಮಾಯ. ಜರ್ಮನಿಯಲ್ಲಿ ಇದು ದೊಡ್ಡ ಸಮಸ್ಯೆ. ಯಾಕಂದ್ರೆ ಅಲ್ಲಿ 'ಫೋರ್ಡರ್‌ಶೂಲೆ' ಅನ್ನುವ ಪ್ರತ್ಯೇಕ ವಿಶೇಷ ಶಾಲೆಗಳ ವ್ಯವಸ್ಥೆ ಬಹಳ ಹಳೆಯದು, ದೊಡ್ಡದು. ಅಲ್ಲಿರುವ ಬೇರೆ ಬೇರೆ ವಿಭಾಗಗಳಲ್ಲಿ 'ಕಲಿಕೆಯಲ್ಲಿ ವಿಶೇಷ ನೆರವಿನ ಅಗತ್ಯ' ಅನ್ನೋದೇ ದೊಡ್ಡದು. ಇವರು ಕಣ್ಣು, ಕಿವಿಯ ತೊಂದರೆ ಇರುವ ಮಕ್ಕಳಲ್ಲ. ಓದು, ಬರಹ, ಲೆಕ್ಕದಲ್ಲಿ ತಮ್ಮ ವಯಸ್ಸಿನವರಿಗಿಂತ ಬಹಳ ಹಿಂದೆ ಇರುವವರು. ನೆಪ್ಸ್ ಈ ಶಾಲೆಗಳನ್ನ ಬೇಕು ಅಂತಲೇ ಸೇರಿಸಿಕೊಂಡಿತು.

ಎಲ್ಲರೂ ಹಾಗೆ ಮಾಡಲ್ಲ. 15 ವರ್ಷದ ಮಕ್ಕಳನ್ನ ದೇಶದೇಶಗಳ ನಡುವೆ ಹೋಲಿಸುವ ಪೀಸಾ ಪರೀಕ್ಷೆ ಗೊತ್ತಲ್ವಾ? ಅದು ಕೊಹಾರ್ಟ್ ಅಲ್ಲ, ಆದ್ರೆ ನಿಯಮ ನೋಡಿ: ಒಂದು ದೇಶ ಹೊರಗೆ ಬಿಡುವ ಮಕ್ಕಳ ಒಟ್ಟು ಪ್ರಮಾಣ ಶೇ 5 ದಾಟಬಾರದು. ಒಳ್ಳೇ ನಿಯಮವೇ. ಆದರೆ ಆ 5ರ ಒಳಗೆ ಯಾರು ಹೋಗ್ತಾರೆ? ಬಹುತೇಕ ಇಂಥ ಮಕ್ಕಳೇ. ಒಟ್ಟು ಸರಾಸರಿಗೆ 5 ಸಣ್ಣ ಸಂಖ್ಯೆ. ಈ ಮಕ್ಕಳ ಬಗ್ಗೆಯೇ ತಿಳಿಯಬೇಕು ಅನ್ನುವವರಿಗೆ ಆ 5ರಲ್ಲೇ ಎಲ್ಲ ಇದೆ.

ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ?

ಸರಿ, ಒಳಗೆ ಕರೆದುಕೊಂಡ್ರಿ. ಈಗ ಏನು ಕೊಡ್ತೀರಿ? ಎಲ್ಲರಿಗೂ ಒಂದೇ ಪತ್ರಿಕೆ ಕೊಟ್ರೆ ನ್ಯಾಯ ಅಂತ ಮೊದಲು ಅನ್ಸುತ್ತೆ.

ನೋಡಿ, ನಾವು ಫಾರಂ ತುಂಬುವಾಗ ಎರಡು ಬೇರೆ ಬೇರೆ ಪದ ಬಳಸ್ತೀವಿ. 'ನಿಲ್' ಅಂದ್ರೆ ಕೇಳಿದ್ದು ನನ್ನ ಹತ್ತಿರ ಸೊನ್ನೆ ಇದೆ ಅಂತ. 'ನಾಟ್ ಅಪ್ಲಿಕಬಲ್' ಅಂದ್ರೆ ಆ ಪ್ರಶ್ನೆಯೇ ನನಗೆ ಅನ್ವಯಿಸಲ್ಲ ಅಂತ. ಆಡಿಟರ್ ಹತ್ತಿರ ಇವೆರಡನ್ನ ಕಲಸಿಬಿಟ್ರೆ ಏನಾಗುತ್ತೆ ಅಂತ ಆ ಕೆಲಸ ಮಾಡಿದವರಿಗೆ ಗೊತ್ತು. ಇನ್ನೊಂದು ಮೂರನೇ ಥರ ಇದೆ: ಕಾಲಂ ಖಾಲಿ. ಮರೆತರಾ, ಗೊತ್ತಿಲ್ವಾ, ಸಮಯ ಸಾಲಲಿಲ್ವಾ, ಸಾಕಾಗಿ ಪೆನ್ನು ಕೆಳಗಿಟ್ರಾ? ಖಾಲಿ ಜಾಗ ಇದ್ಯಾವುದನ್ನೂ ಹೇಳಲ್ಲ.

ಕಲಿಕೆಯ ತೊಂದರೆ ಇರುವ ಮಗುವಿನ ಉತ್ತರಪತ್ರಿಕೆಯಲ್ಲಿ ಇಂಥ ಖಾಲಿ ಜಾಗ ಜಾಸ್ತಿ. ಎಲ್ಲಕ್ಕೂ ಸೊನ್ನೆ ಹಾಕಿದ್ರೆ ನೀವು ಮಗುವಿನ ಓದನ್ನ ಅಳೆದಿಲ್ಲ. ಓದು, ವೇಗ, ತಾಳ್ಮೆ, ಭಯ ಎಲ್ಲ ಸೇರಿಸಿ ಒಂದು ಸಂಖ್ಯೆ ಮಾಡಿದ್ದೀರಿ. ಲೆಕ್ಕದ ಪರೀಕ್ಷೆಯಲ್ಲೂ ಹೀಗೇ. "ಅಂಗಡಿಯವನು 240 ರೂಪಾಯಿಗೆ 8 ತೆಂಗಿನಕಾಯಿ ಕೊಟ್ಟ, 5ಕ್ಕೆ ಎಷ್ಟು?" ಅಂತ ವಾಕ್ಯದಲ್ಲಿ ಕೇಳಿದ್ರೆ, ಸಂತೆಯಲ್ಲಿ ಬಾಯಲ್ಲೇ 150 ಅಂತ ಹೇಳುವ ಹುಡುಗ ಹಾಳೆಯ ಮೇಲೆ ಫೇಲ್ ಆಗಬಹುದು. ಅವನು ಸೋತಿದ್ದು ವಾಕ್ಯ ಓದೋದರಲ್ಲಿ.

ವರ್ಷಗಟ್ಟಲೆ ಹಿಂಬಾಲಿಸುವಾಗ ಇನ್ನೊಂದು ಪೆಟ್ಟು ಬೀಳುತ್ತೆ. ಪರೀಕ್ಷೆ ತೀರಾ ಕಷ್ಟವಾಗಿದ್ರೆ ಮಗುವಿನ ಅಂಕ ನೆಲಕ್ಕೆ ಅಂಟಿಕೊಂಡಿರುತ್ತೆ. ಎರಡು ವರ್ಷದ ನಂತರ ಮತ್ತೆ ಕಷ್ಟದ ಪರೀಕ್ಷೆ, ಮತ್ತೆ ನೆಲದಲ್ಲೇ. ಗ್ರಾಫ್ ನೋಡಿದವರು 'ಪ್ರಗತಿ ಇಲ್ಲ' ಅಂತಾರೆ. ಈ ಎರಡು ವರ್ಷದಲ್ಲಿ ಮಗು ಅಕ್ಷರ ಕೂಡಿಸಿ ಪದ ಓದೋದನ್ನ ಕಲಿತಿರಬಹುದು. ಅಷ್ಟು ಕೆಳಗಿನ ಮೆಟ್ಟಿಲು ಆ ಪರೀಕ್ಷೆಯಲ್ಲಿ ಇರಲೇ ಇಲ್ಲ, ಅಷ್ಟೇ.

ಇದಕ್ಕೆ ಒಂದು ಪರಿಹಾರ ಬ್ರಿಟನ್ನಿನ ಅಧ್ಯಯನದಲ್ಲಿ ಸಿಗುತ್ತೆ. ಮಿಲೇನಿಯಂ ಮಕ್ಕಳಿಗೆ ಚಿಕ್ಕ ವಯಸ್ಸಿನಲ್ಲಿ ಕೊಟ್ಟಿದ್ದು 'ಬ್ರಿಟಿಷ್ ಎಬಿಲಿಟಿ ಸ್ಕೇಲ್ಸ್'. ಚಿತ್ರ ತೋರಿಸಿ ಹೆಸರು ಹೇಳಿಸೋದು, ಚೌಕಗಳಿಂದ ವಿನ್ಯಾಸ ಜೋಡಿಸೋದು ಇಂಥವು. ಮಗುವಿನ ಎದುರು ಒಬ್ಬರು ಕೂತು ಕೇಳ್ತಾರೆ. ವಯಸ್ಸಿಗೆ ತಕ್ಕ ಜಾಗದಿಂದ ಶುರು. ತಪ್ಪಾಗ್ತಾ ಹೋದ್ರೆ ಇನ್ನೂ ಸುಲಭದ ಪ್ರಶ್ನೆಗಳಿಗೆ ಹಿಂದೆ ಬರ್ತಾರೆ. ಎಲ್ಲರೂ ಎಲ್ಲ ಪ್ರಶ್ನೆ ಉತ್ತರಿಸಬೇಕಿಲ್ಲ. ಯಾವ ಪ್ರಶ್ನೆಗಳ ಗುಂಪಿಗೆ ಉತ್ತರ ಕೊಟ್ಟರು ಅನ್ನೋದನ್ನ ಲೆಕ್ಕಕ್ಕೆ ತೆಗೆದುಕೊಂಡೇ ಅಂಕ ಹಾಕ್ತಾರೆ. ಒಳ್ಳೇ ದಾರಿ. ಆದರೆ ಒಂದು ಮಗುವಿಗೆ ಒಬ್ಬ ತರಬೇತಿ ಪಡೆದ ವ್ಯಕ್ತಿ ಬೇಕು, ಖರ್ಚು ಹೆಚ್ಚು. ತರಗತಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಹಾಳೆ ಹಂಚುವಾಗ ಇದು ಆಗಲ್ಲ.

ಪತ್ರಿಕೆ ಬದಲಾಯಿಸಿದರೆ?

ಹಾಗಾದ್ರೆ ಈ ಮಕ್ಕಳಿಗೆ ಬೇರೆ ಪತ್ರಿಕೆ ಕೊಡೋಣ. ನಮ್ಮಲ್ಲೂ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅಂಗವೈಕಲ್ಯ ಇರುವ ಮಕ್ಕಳಿಗೆ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಇದೆ. ಅದು ಮಗುವಿನ ಹಕ್ಕು, ಸರಿಯಾದದ್ದೇ. ಅಲ್ಲಿ ಉದ್ದೇಶ ಮಗುವಿಗೆ ನ್ಯಾಯವಾಗಿ ಪ್ರಮಾಣಪತ್ರ ಸಿಗಬೇಕು ಅನ್ನೋದು. ಸಂಶೋಧನೆಯಲ್ಲಿ ಉದ್ದೇಶ ಹೋಲಿಕೆ. ಈ ವರ್ಷದ ಅಂಕವನ್ನ ಮುಂದಿನದಕ್ಕೆ, ಈ ಗುಂಪನ್ನ ಆ ಗುಂಪಿಗೆ ಹೋಲಿಸಬೇಕು.

ಒಂದು ಕಂಪನಿ ಮೊದಲ ವರ್ಷ ಸವಕಳಿಯನ್ನ ಒಂದು ವಿಧಾನದಲ್ಲಿ, ಎರಡನೇ ವರ್ಷ ಇನ್ನೊಂದು ವಿಧಾನದಲ್ಲಿ ಲೆಕ್ಕ ಹಾಕಿದ್ರೆ ಎರಡು ವರ್ಷದ ಲಾಭವನ್ನ ಪಕ್ಕಪಕ್ಕ ಇಡೋಕಾಗಲ್ಲ. ಯಾವುದಾದ್ರೂ ಒಂದು ಕೊಂಡಿ ಹಾಕಿ ಸರಿಹೊಂದಿಸಬೇಕು. ಪರೀಕ್ಷೆಯಲ್ಲಿ ಆ ಕೊಂಡಿ ಅಂದ್ರೆ ಎರಡೂ ಪತ್ರಿಕೆಯಲ್ಲಿ ಇರುವ ಕೆಲವು ಸಮಾನ ಪ್ರಶ್ನೆಗಳು. ಆದರೆ ಆ ಪ್ರಶ್ನೆಗಳು ಎರಡೂ ಗುಂಪಿನಲ್ಲಿ ಒಂದೇ ಥರ ಕೆಲಸ ಮಾಡಬೇಕು. ಮೊದಲ ಗುಂಪಿಗೆ ಸುಲಭವಾದ ಪ್ರಶ್ನೆ ಎರಡನೇ ಗುಂಪಿನಲ್ಲೂ ಉಳಿದವಕ್ಕೆ ಹೋಲಿಸಿದ್ರೆ ಸುಲಭವೇ ಆಗಿರಬೇಕು. ಚೆನ್ನಾಗಿ ಓದುವ ಮಗು ಅದಕ್ಕೆ ಸರಿ ಉತ್ತರ ಕೊಡುವ ಸಾಧ್ಯತೆ ಹೆಚ್ಚಿರಬೇಕು. ಇದು ತಪ್ಪಿದ್ರೆ, ಎರಡು ಗುಂಪನ್ನ ಅಳೆದ ತಕ್ಕಡಿಯೇ ಬೇರೆ ಬೇರೆ ಅಂತ ಅರ್ಥ.

ನೆಪ್ಸ್ ಇದನ್ನ ಊಹೆಗೆ ಬಿಡದೆ ಪರೀಕ್ಷಿಸಿ ನೋಡಿತು. ಆನಾ ಸ್ಯುಡ್‌ಕಾಂಪ್, ಸ್ಟೆಫಿ ಪೋಲ್, ಸಬೀನೆ ವೈನರ್ಟ್ ಎಂಬ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಕೆಲಸ ಇದು. ಕಲಿಕೆಯಲ್ಲಿ ವಿಶೇಷ ಅಗತ್ಯ ಇರುವ 433 ಮಕ್ಕಳ ಓದುವ ಸಾಮರ್ಥ್ಯವನ್ನ ಮೂರು ಥರದ ಪತ್ರಿಕೆಗಳಿಂದ ಅಳೆದರು. ಒಂದು ಎಲ್ಲರಿಗೂ ಕೊಡುವ ಮಾಮೂಲಿ ಪತ್ರಿಕೆ. ಎರಡನೆಯದು ಪ್ರಶ್ನೆಗಳನ್ನ ಕಡಿಮೆ ಮಾಡಿದ ಪತ್ರಿಕೆ. ಮೂರನೆಯದು ಸುಲಭಗೊಳಿಸಿದ ಪತ್ರಿಕೆ. ಹೋಲಿಕೆಗೆ ಸಾಮಾನ್ಯ ಶಾಲೆಗಳ 5,208 ಮಕ್ಕಳು.

ಇನ್ನೊಂದು ಜಾಣತನದ ಹೆಜ್ಜೆ ಇಟ್ಟರು. ಜರ್ಮನಿಯಲ್ಲಿ ಪ್ರಾಥಮಿಕ ಶಾಲೆ ಮುಗಿದ ಮೇಲೆ ಮಕ್ಕಳನ್ನ ಬೇರೆ ಬೇರೆ ಮಟ್ಟದ ಶಾಲೆಗಳಿಗೆ ಕಳಿಸ್ತಾರೆ. ಅದರಲ್ಲಿ ಕೆಳಗಿನ ಮಟ್ಟದ 490 ಮಕ್ಕಳನ್ನೂ ಸೇರಿಸಿಕೊಂಡರು. ಇವರು ಓದಿನಲ್ಲಿ ಹಿಂದೆ, ಆದರೆ ವಿಶೇಷ ಅಗತ್ಯದ ಗುರುತು ಇಲ್ಲದವರು. ಯಾಕೆ ಇವರು ಬೇಕು? ಪತ್ರಿಕೆ ಕೈಕೊಟ್ರೆ ತಪ್ಪು ಪತ್ರಿಕೆಯದ್ದಾ, ಅಥವಾ ಕಡಿಮೆ ಅಂಕ ತೆಗೆಯುವ ಯಾವುದೇ ಮಕ್ಕಳಲ್ಲೂ ಹೀಗೇ ಆಗುತ್ತಾ ಅಂತ ತಿಳಿಯೋಕೆ.

ಫಲಿತಾಂಶ ಏನು? ವಿಶೇಷ ಅಗತ್ಯ ಇಲ್ಲದ ಮಕ್ಕಳಲ್ಲಿ ಮೂರೂ ಪತ್ರಿಕೆ ಚೆನ್ನಾಗಿ ಕೆಲಸ ಮಾಡಿದ್ವು, ಅಂದ್ರೆ ಬದಲಾದ ಪತ್ರಿಕೆಗಳಲ್ಲೇ ದೋಷ ಇರಲಿಲ್ಲ. ವಿಶೇಷ ಅಗತ್ಯದ ಮಕ್ಕಳಲ್ಲಿ ಬದಲಾದ ಪತ್ರಿಕೆಗಳಿಂದ ಖಾಲಿ ಉತ್ತರಗಳು ಸಾಕಷ್ಟು ಕಡಿಮೆಯಾದವು, ಅಳತೆಯ ಗುಣಮಟ್ಟವೂ ಮಾಮೂಲಿ ಪತ್ರಿಕೆಗಿಂತ ಸುಧಾರಿಸಿತು. ಇಲ್ಲಿಯವರೆಗೆ ಸಿಹಿ ಸುದ್ದಿ. ಆದರೆ ಪ್ರಶ್ನೆಗಳು ತೃಪ್ತಿಕರವಾಗಿ ಹೊಂದಲಿಲ್ಲ. ಸಾಮಾನ್ಯ ಮಕ್ಕಳ ಅಂಕದ ಪಕ್ಕದಲ್ಲಿ ಇವರ ಅಂಕ ಇಟ್ಟು ಹೋಲಿಸುವಷ್ಟು ಸಮಾನತೆಯೂ ಸಿಗಲಿಲ್ಲ.

ಅಂದ್ರೆ ಪತ್ರಿಕೆ ಸುಲಭ ಮಾಡಿದ್ರೆ ಎಲ್ಲ ಸರಿಹೋಗುತ್ತೆ ಅನ್ನೋ ನಂಬಿಕೆ ಅಲ್ಲಿ ನಿಲ್ಲಲಿಲ್ಲ. ಒಬ್ಬ ಮಂತ್ರಿ ಈ ಅಂಕಗಳನ್ನ ಹಿಡಿದು 'ವಿಶೇಷ ಶಾಲೆ ಮಕ್ಕಳು ಇಷ್ಟು ವರ್ಷ ಹಿಂದಿದ್ದಾರೆ' ಅಂತ ಭಾಷಣ ಮಾಡಿದ್ರೆ, ಆ ಮಾತಿಗೆ ಆಧಾರ ಇರಲ್ಲ. ಅಧ್ಯಯನ ಮಾಡಿದವರೇ ಅದನ್ನ ಬಹಿರಂಗವಾಗಿ ಬರೆದಿಟ್ಟರು ಅನ್ನೋದು ನನಗೆ ಬಹಳ ಇಷ್ಟವಾಯ್ತು.

ಎಲ್ಲರೂ ಒಂದೇ ಥರ ಇಲ್ಲ

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ, 2016ರಲ್ಲಿ, ಇದೇ ತಂಡದವರು ಪ್ರಶ್ನೆಯನ್ನ ತಿರುಗಿಸಿ ಕೇಳಿದರು. ಇಡೀ ಗುಂಪಿಗೆ ಪರೀಕ್ಷೆ ಕೆಲಸ ಮಾಡಲಿಲ್ಲ ಅಂತ ಹೇಳೋ ಬದಲು, ಈ ಗುಂಪಿನ ಯಾವ ಮಕ್ಕಳಿಗೆ ಕೆಲಸ ಮಾಡಿತು ಅಂತ ಹುಡುಕಿದರು.

ಪ್ರತಿ ಮಗುವಿನ ಉತ್ತರಗಳ ಮಾದರಿ ನೋಡಿದರು. ಸುಲಭದ್ದು ಸರಿ, ಕಷ್ಟದ್ದು ತಪ್ಪು – ಹೀಗಿದ್ರೆ ಅದು ಅರ್ಥವಾಗುವ ಮಾದರಿ. ಕಷ್ಟದ್ದು ಸರಿ, ಸುಲಭದ್ದು ತಪ್ಪು, ಏನೇನೋ ಟಿಕ್ ಆಗಿದ್ರೆ ಮಗು ಸುಮ್ಮನೆ ಗುರುತು ಹಾಕಿರಬಹುದು. ಹೀಗೆ ಬೇಕಾಬಿಟ್ಟಿ ಆಯ್ಕೆ ಮಾಡಿದವರು ಸಣ್ಣ ಸಂಖ್ಯೆಯಲ್ಲಿ ಮಾತ್ರ ಇದ್ದರು. ಅವರನ್ನ ತೆಗೆದು ಲೆಕ್ಕ ಹಾಕಿದಾಗ ಅಳತೆ ಸ್ವಲ್ಪ ಮಾತ್ರ ಸುಧಾರಿಸಿತು. ಹಾಗಾಗಿ 'ಈ ಮಕ್ಕಳು ಮನಸ್ಸಿಟ್ಟು ಬರೆಯಲ್ಲ' ಅನ್ನೋ ಸುಲಭದ ದೂರಿಗೆ ಇಲ್ಲಿ ಬೆಂಬಲ ಸಿಗಲ್ಲ. ಖಾಲಿ ಬಿಡೋದರಲ್ಲೂ ಎರಡು ಬೇರೆ ಬೇರೆ ಮಾದರಿ ಕಂಡವು, ಸಮಸ್ಯೆಯ ಒಂದು ಭಾಗವನ್ನ ಅವು ವಿವರಿಸಿದವು.

ಮುಖ್ಯ ಮಾತು ಇದು: ವಿಶೇಷ ಅಗತ್ಯದ ಮಕ್ಕಳಲ್ಲೇ ಒಂದು ಉಪಗುಂಪು ಸಿಕ್ಕಿತು. ಅವರ ಅಂಕಗಳು ನಂಬುವಂತಿದ್ದವು, ಸಾಮಾನ್ಯ ಮಕ್ಕಳ ಜೊತೆ ಹೋಲಿಸಬಹುದಾಗಿದ್ದವು. ಎಲ್ಲರಿಗೂ ಅಂಟಿಸಿದ ಚೀಟಿ ಒಂದೇ ಆದ್ರೂ ಚೀಟಿಯ ಹಿಂದೆ ಇರುವ ಮಕ್ಕಳು ಬೇರೆ ಬೇರೆ. ಕೆಲವರನ್ನ ಈಗಿರುವ ಪರೀಕ್ಷೆಯಿಂದಲೇ ಸರಿಯಾಗಿ ಅಳೆಯಬಹುದು, ಕೆಲವರಿಗೆ ಬೇರೆ ದಾರಿಯೇ ಬೇಕು. ಎಲ್ಲರನ್ನೂ ಒಟ್ಟಿಗೆ ಒಳಗೆ ಹಾಕೋದೂ ತಪ್ಪು, ಒಟ್ಟಿಗೆ ಹೊರಗೆ ಹಾಕೋದೂ ತಪ್ಪು.

ಬೇರೆ ದಾರಿ ಅಂದ್ರೆ ಏನು? ಅಮೆರಿಕದಲ್ಲಿ ವಿಶೇಷ ಶಿಕ್ಷಣ ಪಡೆಯುವ ಮಕ್ಕಳಿಗೆಂದೇ ಒಂದು ದೀರ್ಘಾವಧಿ ಅಧ್ಯಯನ 2000ದ ಸುಮಾರಿಗೆ ಶುರುವಾಯ್ತು. ಹೆಸರು ಎನ್‌ಎಲ್‌ಟಿಎಸ್–2. 13ರಿಂದ 16 ವರ್ಷದ 11,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನ 10 ವರ್ಷ ಹಿಂಬಾಲಿಸಿದರು. ನೇರ ಪರೀಕ್ಷೆ ಬರೆಯಬಲ್ಲವರಿಗೆ ಪರೀಕ್ಷೆ. ಅದಕ್ಕೆ ಆಗದವರ ಬಗ್ಗೆ, ಅವರನ್ನ ಚೆನ್ನಾಗಿ ಬಲ್ಲ ದೊಡ್ಡವರನ್ನ ಕೇಳಿ, ದಿನನಿತ್ಯದ ಕೆಲಸಗಳಲ್ಲಿ ಎಷ್ಟು ಸ್ವತಂತ್ರರು ಅಂತ ದಾಖಲಿಸಿದರು. ಎರಡನ್ನ ಕೂಡಿಸಿ ಸರಾಸರಿ ತೆಗೆಯೋಕಾಗಲ್ಲ ನಿಜ. ಆದರೆ ಆ ಯುವಕ ಯುವತಿಯರ ಹೆಸರಿನ ಮುಂದೆ ಖಾಲಿ ಜಾಗ ಉಳಿಯಲಿಲ್ಲ.

ಮಗು ಅದೇ, ಚೀಟಿ ಬೇರೆ

ಇನ್ನೊಂದು ತೊಡಕು ಕಾಲದ್ದು. ಹಿಂಬಾಲಿಸುವ ವರ್ಷಗಳಲ್ಲಿ ಮಗು ಮಾತ್ರ ಬದಲಾಗಲ್ಲ, 'ವಿಶೇಷ ಅಗತ್ಯ' ಅನ್ನೋ ಪದದ ಅರ್ಥವೂ ಬದಲಾಗುತ್ತೆ.

1958ರಲ್ಲಿ ಇಂಗ್ಲೆಂಡ್‌ನಲ್ಲಿ ಹುಟ್ಟಿದ ತೀವ್ರ ಬೌದ್ಧಿಕ ತೊಂದರೆಯ ಮಗುವನ್ನ ಆಗಿನ ಕಾನೂನು ಶಾಲೆಗೆ ತಕ್ಕದ್ದಲ್ಲ ಅಂತ ಹೊರಗೆ ಇಟ್ಟಿತ್ತು. 1970ರ ಕಾಯ್ದೆ 1971ರಲ್ಲಿ ಜಾರಿಗೆ ಬಂದಾಗ ಆ ಮಗುವಿಗೆ 13 ವರ್ಷ. 1978ರ ವಾರ್ನಾಕ್ ವರದಿ, ಅದರ ಹಿಂದೆಯೇ 1981ರ ಕಾಯ್ದೆ ಬಂದ ಮೇಲೆ 'ವಿಶೇಷ ಶೈಕ್ಷಣಿಕ ಅಗತ್ಯ' ಅನ್ನೋ ಪದ ಕಾನೂನಿಗೆ ಸೇರಿತು. ಆಗ ಆ ಕೊಹಾರ್ಟ್‌ಗೆ 23. ಮಿಲೇನಿಯಂ ಮಕ್ಕಳಿಗೂ ಇದೇ ಗತಿ: ಅವರು ಸುಮಾರು 13 ವರ್ಷದವರಿದ್ದಾಗ, 2014ರಲ್ಲಿ, ಇಂಗ್ಲೆಂಡ್ ಹಳೆಯ ವರ್ಗೀಕರಣ ತೆಗೆದು ಹೊಸದು ತಂದಿತು. ಹಾಗಾಗಿ ಒಂದು ಮಗು 11ರಲ್ಲಿ ಪಟ್ಟಿಯಲ್ಲಿದ್ದು 14ರಲ್ಲಿ ಇಲ್ಲ ಅಂದ್ರೆ, ಮಗು ಸುಧಾರಿಸಿತಾ, ನಿಯಮ ಬದಲಾಯಿತಾ ಅಂತ ಕೇಳಲೇಬೇಕು.

ನಮ್ಮಲ್ಲೂ ಕೊಹಾರ್ಟ್ ಅಧ್ಯಯನ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರ ಸುಮಾರಿಗೆ ಹುಟ್ಟಿದ ಮಕ್ಕಳನ್ನ ಹಿಂಬಾಲಿಸಿದ ಅಧ್ಯಯನಕ್ಕೆ 'ಮೈಸೂರು ಪಾರ್ಥೆನಾನ್' ಅಂತ ಹೆಸರು. ಅದು ಹೆಚ್ಚಾಗಿ ತಾಯಿಯ ಪೋಷಣೆ, ಮಧುಮೇಹದ ಕುರಿತದ್ದು. ಆದರೂ 9–10 ವರ್ಷದಲ್ಲಿ 500ಕ್ಕೂ ಹೆಚ್ಚು ಮಕ್ಕಳ ನೆನಪು, ಭಾಷೆ, ಗಮನ ಇವನ್ನೆಲ್ಲ ಅಳೆದಿದ್ದಾರೆ, ವಿದೇಶದ ಪರೀಕ್ಷೆಗಳನ್ನ ಇಲ್ಲಿನ ಮಕ್ಕಳಿಗೆ ಹೊಂದಿಸಿಕೊಂಡು. ಈಗ ಕಾನೂನು ನೋಡಿ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ 7 ವಿಧ, ಕಲಿಕಾ ನ್ಯೂನತೆ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆಯಲ್ಲಿ 21 ವಿಧ, ಅದರಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಸೇರಿದೆ. ಅಂದ್ರೆ ಆ ವರ್ಷ ಮೈಸೂರಿನಲ್ಲಿ ಹುಟ್ಟಿದ, ಡಿಸ್ಲೆಕ್ಸಿಯಾ ಇರುವ ಮಗುವನ್ನ ಈ ದೇಶದ ಅಂಗವೈಕಲ್ಯ ಕಾನೂನು ಗುರುತಿಸುವ ಹೊತ್ತಿಗೆ ಅದರ ಶಾಲೆಯೇ ಮುಗಿದಿತ್ತು. ಸರ್ಕಾರಿ ಚೀಟಿಯನ್ನಷ್ಟೇ ನಂಬಿ ಎಣಿಸಿದ್ರೆ ಅಂಥ ಮಗು ಎಲ್ಲೂ ಕಾಣಲ್ಲ. ಅದಕ್ಕೇ ಒಳ್ಳೆಯ ಅಧ್ಯಯನಗಳು ಪೋಷಕರನ್ನೂ ಶಿಕ್ಷಕರನ್ನೂ ಕೇಳ್ತವೆ, ಮಗುವನ್ನ ನೇರವಾಗಿಯೂ ನೋಡ್ತವೆ, ಮೂರನ್ನೂ ಬೇರೆ ಬೇರೆಯಾಗಿ ಬರೆದಿಡ್ತವೆ.

ಇಷ್ಟೆಲ್ಲ ಯಾಕೆ?

ಸೇರಿಸಿಕೊಂಡಾಗ ಏನು ಸಿಗುತ್ತೆ ಅಂತ ಒಂದೇ ಉದಾಹರಣೆ. ಬ್ರಿಟನ್ನಿನಲ್ಲಿ ಸ್ಟೆಲ್ಲಾ ಚಾಟ್ಸಿಥಿಯೋಕಾರಿ, ಸಮಾಂತಾ ಪಾರ್ಸನ್ಸ್, ಲೂಸಿಂಡಾ ಪ್ಲಾಟ್ ಎಂಬ ಸಂಶೋಧಕಿಯರು ಮಿಲೇನಿಯಂ ಅಧ್ಯಯನದ 7 ವರ್ಷದ ಮಕ್ಕಳ, ಮತ್ತು ಇನ್ನೊಂದು ಅಧ್ಯಯನದ 15 ವರ್ಷದವರ ಅಂಕಿಅಂಶ ನೋಡಿದರು. ಅಂಗವೈಕಲ್ಯ ಇರುವ ಮಕ್ಕಳು ಶಾಲೆಯಲ್ಲಿ ಬೇರೆಯವರಿಂದ ಕಿರುಕುಳ ಅನುಭವಿಸುವ ಸಾಧ್ಯತೆ ಹೆಚ್ಚು. ಬಡತನದಂಥ ಬೇರೆ ಕಾರಣಗಳನ್ನ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಉಳಿಯಿತು. ಈ ಮಕ್ಕಳನ್ನ 'ಟೆಸ್ಟ್‌ಗೆ ಆಗಲ್ಲ' ಅಂತ ಪಟ್ಟಿಯಿಂದಲೇ ತೆಗೆದಿದ್ರೆ ಈ ವಿಷಯ ಹೊರಗೆ ಬರ್ತಾನೇ ಇರಲಿಲ್ಲ. ಓದಿನ ಅಂಕ ಹೋಲಿಕೆಗೆ ಸಿಗದೇ ಇರಬಹುದು. ಆದರೆ ಮಗು ಅಧ್ಯಯನದ ಒಳಗಿದ್ರೆ ಅದರ ಸ್ನೇಹ, ಭಯ, ಆರೋಗ್ಯ, ಮನೆಯ ಪರಿಸ್ಥಿತಿ ಎಲ್ಲದರ ದಾಖಲೆ ಉಳಿಯುತ್ತೆ.

ಮುಂದೆ ಪೇಪರಿನಲ್ಲಿ 'ಮಕ್ಕಳ ಕಲಿಕೆ ಕುರಿತ ಅಧ್ಯಯನ' ಅಂತ ಸುದ್ದಿ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ವಿಶೇಷ ಅಗತ್ಯದ ಮಕ್ಕಳು ಇದರಲ್ಲಿ ಇದ್ದಾರಾ, ಎಷ್ಟು ಜನರನ್ನ ಹೊರಗೆ ಬಿಟ್ಟರು, ಯಾಕೆ? ಅವರಿಗೆ ಕೊಟ್ಟಿದ್ದು ಅದೇ ಪತ್ರಿಕೆಯಾ, ಬದಲಾಯಿಸಿದ್ದಾ? ಖಾಲಿ ಉತ್ತರಗಳನ್ನ ಏನು ಮಾಡಿದರು? ಎರಡು ಗುಂಪಿನ ಅಂಕ ಹೋಲಿಸುವ ಮೊದಲು ತಕ್ಕಡಿ ಒಂದೇ ಅಂತ ಪರೀಕ್ಷಿಸಿದರಾ? ಇದಕ್ಕೆಲ್ಲ ಉತ್ತರ ವರದಿಯಲ್ಲಿ ಇಲ್ಲ ಅಂದ್ರೆ, ಆ ಸರಾಸರಿಯನ್ನ ಎಲ್ಲ ಮಕ್ಕಳ ಸರಾಸರಿ ಅಂತ ನಂಬಬೇಡಿ.

ಇನ್ನು ನೀವೇ ಶಾಲೆಯಲ್ಲಿದ್ದು, ಟೆಸ್ಟ್ ಮಾಡೋಕೆ ಬಂದವರು ನಿಮ್ಮೆದುರು ನಿಂತಿದ್ರೆ, ಆ ಮಗುವನ್ನ ಕೂರಿಸಿ. ಜೊತೆಗೆ, ಅದು ಎಲ್ಲಿ ನಿಲ್ಲಿಸಿತು, ಯಾಕೆ ನಿಲ್ಲಿಸಿತು ಅನ್ನೋದನ್ನ ಬರೆದುಕೊಳ್ಳಲು ಹೇಳಿ. ಆ ಒಂದು ಸಾಲಿನ ಟಿಪ್ಪಣಿ ಇದ್ರೆ ಮುಂದೆ ಯಾರೂ ಅಲ್ಲಿ ಸುಮ್ಮನೆ ಸೊನ್ನೆ ತುಂಬೋಕಾಗಲ್ಲ.

ಇವತ್ತಿಗೆ ಇಷ್ಟು. ನಿಮ್ಮ ಶಾಲೆಯ, ನಿಮ್ಮ ಮನೆಯ ಅನುಭವ ಇದ್ದರೆ ಮಕ್ಕಳ ಹೆಸರು ಹಾಕದೆ ಬರೆದು ಕಳಿಸಿ.